ಗೋದಾಮಿನ ಗಾಳಿ ಅಳೆದ ದೀಪ

ಎಂ.ಎಸ್ಸಿ. ಕೊನೆಯ ವರ್ಷದಲ್ಲಿ ನಾನು ಬರೆದ ಪ್ರಬಂಧದ ವಿಷಯ, ಬೆಳಕು ಬಿದ್ದಾಗ ಅಣುವಿನಿಂದ ಎಲೆಕ್ಟ್ರಾನು ಹೊರಬೀಳುವ ಬಗೆ. ಪ್ರಬಂಧ ದಪ್ಪವಾಗಿಯೇ ಇತ್ತು. ಅದಕ್ಕೆ ಬೇಕಾದ ಬೆಳಕು ಮಾತ್ರ ಗುಲ್ಬರ್ಗಾದ ನಮ್ಮ ವಿಭಾಗದಲ್ಲಿ ಇರಲಿಲ್ಲ. ಕರೆಂಟು ಹೋದಾಗ ಓದುವ ಬೆಳಕೂ ಇರುತ್ತಿರಲಿಲ್ಲ. ಬೇರೆ ದೇಶದವರು ಅಳೆದ ಅಂಕಿಗಳನ್ನು ಗ್ರಂಥಾಲಯದಲ್ಲಿ ಕುಳಿತು ನಕಲು ಮಾಡಿದೆ, ಗೆರೆ ಎಳೆದೆ, ಗೆರೆ ಯಾಕೆ ಹಾಗೆ ಏರಿ ಹೀಗೆ ಇಳಿಯಿತೆಂದು ವಿವರಿಸಿದೆ. ಮೌಖಿಕ ಪರೀಕ್ಷೆಗೆ ಬಂದ ಹಿರಿಯ ಪ್ರಾಧ್ಯಾಪಕರು ಪುಟ ತಿರುವುತ್ತಾ ಒಂದೇ ಪ್ರಶ್ನೆ ಕೇಳಿದರು: "ಯಾವ ಊರಮ್ಮಾ?" ಸುರಪುರ ಎಂದೆ. "ಬಹಳ ಸಂತೋಷ" ಎಂದರು. ಪ್ರಥಮ ದರ್ಜೆ ಬಂತು.

ಆ ದರ್ಜೆಯ ಬಲದಿಂದ ಶಹಾಪುರದ ಒಂದು ಖಾಸಗಿ ಮಹಿಳಾ ಕಾಲೇಜಿನಲ್ಲಿ ರಸಾಯನಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾದೆ. ದಿನವೂ ಸುರಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲುವೆಗೆ ನೀರು ಬಂದು ಹತ್ತು ವರ್ಷ ಕಳೆದಿತ್ತು. ನಾನು ಚಿಕ್ಕವಳಿದ್ದಾಗ ಜೋಳ, ತೊಗರಿ ಕಂಡ ಹೊಲಗಳಲ್ಲಿ ಈಗ ಭತ್ತ ನಿಂತಿತ್ತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಹುಳ ಬಂತು, ಹುಳದ ಹಿಂದೆ ಔಷಧದ ಅಂಗಡಿ ಬಂತು, ಅಂಗಡಿಯ ಹಿಂದೆ ನಮ್ಮ ಕಾಲೇಜು ಬಂತು. ಇದು ಅಲಂಕಾರಕ್ಕೆ ಹೇಳುವ ಮಾತಲ್ಲ. ಕಾಲೇಜಿನ ಅಧ್ಯಕ್ಷರದೇ ಗೊಬ್ಬರ, ಔಷಧದ ಅಂಗಡಿ. ಅಂಗಡಿಯ ಹಿಂಬದಿಗೇ ಕಾಲೇಜು. ಕೆಳಗೆ ಔಷಧದ ಡಬ್ಬಿಗಳ ಗೋದಾಮು, ಅದರ ಮೇಲೆ ನನ್ನ ಪ್ರಯೋಗಾಲಯ.

ಗೋದಾಮಿನ ಚಾವಣಿ ಎಂದರೆ ಕಬ್ಬಿಣದ ತೊಲೆಗಳ ಮೇಲೆ ಹಾಸಿದ ಪರಸಿ ಕಲ್ಲುಗಳು. ಅವೇ ನಮ್ಮ ನೆಲ. ಕಲ್ಲುಗಳ ಸಂದಿಯಲ್ಲಿ ತುಂಬಿದ್ದ ಗಾರೆ ಎಂದೋ ಉದುರಿತ್ತು. ಕೆಳಗಿನಿಂದ ವಾಸನೆ ಬರುತ್ತಿತ್ತು. ಬಂದ ಮೊದಲ ವಾರವೇ ಪ್ರಿನ್ಸಿಪಾಲರ ಬಳಿ ಹೋಗಿ ಹೇಳಿದೆ. ಅವರು ಇತಿಹಾಸದವರು. "ಮೇಡಂ, ಕೆಮಿಸ್ಟ್ರಿ ಲ್ಯಾಬಿನಾಗ ವಾಸನಿ ಬರಲಾರದೆ ಮಲ್ಲಿಗಿ ಹೂವು ಘಮಘಮ ಅಂತದೇನ್ರಿ?" ಎಂದು ನಕ್ಕರು. ನಾನು ಬರೆದು ಕೊಟ್ಟೆ. ಎರಡನೆಯ ಸಲವೂ ಬರೆದು ಕೊಟ್ಟೆ. ವಿದ್ಯಾರ್ಥಿನಿಯರು ಎಲ್ಲರೂ ಸಹಿ ಮಾಡಿ ಕೊಟ್ಟರು. ಅರ್ಜಿಗಳನ್ನೆಲ್ಲ ಪ್ರಿನ್ಸಿಪಾಲರು ಒಂದು ಫೈಲಿನಲ್ಲಿ ಜೋಡಿಸಿ, ಹೊರಗೆ ಅಂದವಾದ ಅಕ್ಷರದಲ್ಲಿ "ವಾಸನೆ" ಎಂದು ಬರೆಸಿದರು. ಕೆಲಸ ಅಲ್ಲಿಗೆ ಮುಗಿಯಿತು.

ಆಗಸ್ಟಿನಲ್ಲಿ ಎರಡನೆಯ ವರ್ಷದ ಒಬ್ಬ ಹುಡುಗಿ ಬ್ಯುರೆಟ್ ಹಿಡಿದು ನಿಂತಲ್ಲೇ ತಲೆ ತಿರುಗಿ ಬಿದ್ದಳು. ಕಕ್ಕೇರಾದವಳು, ಶಹಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳೊಬ್ಬಳೇ. ಹುಡುಗಿಯರು ಉಣ್ಣದೆ ಬರುತ್ತಾರೆ, ಅದಕ್ಕೇ ಬೀಳುತ್ತಾರೆ ಎಂದು ಪ್ರಿನ್ಸಿಪಾಲರು ತೀರ್ಪು ಕೊಟ್ಟರು. ಮುಂದಿನ ತಿಂಗಳು ಅವಳು ಎರಡು ಸಲ ಬಿದ್ದಳು. ಆಗ ಊರಿನಿಂದ ಅವಳ ಅಣ್ಣ ಬಂದ.

ಅವನು ಇವರಿವರ ಗದ್ದೆಗಳಿಗೆ ಔಷಧ ಹೊಡೆಯುವ ಕೂಲಿ ಮಾಡುತ್ತಿದ್ದ. ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತವನು ಒಳಗೆ ಕಾಲಿಡಲಿಲ್ಲ. ಅಲ್ಲೇ ನಿಂತು ಮೂಗೆಳೆದ.

"ಇದು ಎಣ್ಣಿ ವಾಸನೀರಿ" ಎಂದ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ. "ನಾ ಹೊಲದಾಗ ಮಾರಿಗಿ ವಸ್ತ್ರ ಕಟ್ಟಿಕೊಂಡು ಹೊಡಿತೀನಿ. ಇಕಿ ಇಲ್ಲಿ ಪುಸ್ತಕ ಹಿಡಕೊಂಡು ಕುಡ್ಯಾಕತ್ಯಾಳ. ಅದಕ್ಕ ಇಕೀನ ಕಾಲೇಜಿಗಿ ಯಾಕ ಕಳಸಬೇಕ್ರಿ? ಹೊಲಕ್ಕೇ ಬರಲಿ, ಗಾಳಿಯರ ಇರತದ."

ಹುಡುಗಿ ನೆಲ ನೋಡುತ್ತಾ, "ಅಣ್ಣಾ, ಪರೀಕ್ಷಿ ಒಂದು ಮುಗೀಲಿ" ಎಂದಳು.

"ಇನ್ನೊಮ್ಮಿ ಬಿದ್ದಿ ಅಂತ ಸುದ್ದಿ ಬಂತಂದ್ರ ಹೆಸರು ಕಡಸಿ ಕರಕೊಂಡು ಹೋಗ್ತೀನಿ. ಪರೀಕ್ಷಿ ಇಲ್ಲ ಗಿರೀಕ್ಷಿ ಇಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಮುಂದಿನ ಭಾನುವಾರ ಗುಲ್ಬರ್ಗಾಕ್ಕೆ ಹೋಗಿ ನನ್ನ ಪ್ರಬಂಧದ ಮಾರ್ಗದರ್ಶಕರನ್ನು ಕಂಡೆ. ನಾನು ಪಾಸಾಗಿ ಹೊರಬಿದ್ದ ಮೇಲೆ, ಎಂದಿನ ಸರಕಾರಿ ಸಮಯಪ್ರಜ್ಞೆಯಿಂದ, ವಿಭಾಗಕ್ಕೆ ಒಂದು ಯಂತ್ರ ಬಂದಿತ್ತು. ಗಾಳಿಯಲ್ಲಿ ಬೆರೆತ ಆವಿಯನ್ನು ಬೆಳಕಿನಿಂದ ಅಳೆಯುವ ಯಂತ್ರ. ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆ. ಒಂದು ತಿಂಗಳ ಮಟ್ಟಿಗೆ ಬೇಡಿದೆ. "ದೀಪದ ಕಡೆ ಲಕ್ಷ್ಯ ಇರಲಿ" ಎಂದಷ್ಟೇ ಹೇಳಿ ಕೊಟ್ಟರು. ರೈಲಿನಲ್ಲಿ ಯಾದಗಿರಿಯವರೆಗೂ, ಅಲ್ಲಿಂದ ಬಸ್ಸಿನಲ್ಲಿ ಶಹಾಪುರದವರೆಗೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕುಳಿತ ಹೆಂಗಸು, "ಟೇಪ್ ರಿಕಾರ್ಡ್ ಏನವ್ವಾ? ಒಂದು ಪದ ಹಚ್ಚು" ಎಂದು ದಾರಿಯುದ್ದಕ್ಕೂ ಕೇಳಿದಳು.

ಯಂತ್ರದ ಒಳಗೆ ಹೆಬ್ಬೆರಳಿನ ಗಾತ್ರದ ಒಂದು ದೀಪ. ಅದರ ಬೆಳಕು ಕಣ್ಣಿಗೆ ಕಾಣುವ ಬೆಳಕಿಗಿಂತ ಬಹಳ ಬಲವಾದದ್ದು. ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯಲ್ಲಿ ಪ್ರತಿ ಕಣಕ್ಕೂ ಹತ್ತೂವರೆಯಷ್ಟು ಶಕ್ತಿ. ಸಣ್ಣ ಪಂಪೊಂದು ಗಾಳಿಯನ್ನು ಎಳೆದು ದೀಪದ ಮುಂದೆ ಹಾಯಿಸುತ್ತದೆ. ಆಮ್ಲಜನಕದ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಹನ್ನೆರಡು ಅಳತೆ ಬೇಕು, ಸಾರಜನಕಕ್ಕೆ ಹದಿನೈದೂವರೆ; ಹಾಗಾಗಿ ಶುದ್ಧ ಗಾಳಿ ಏನನ್ನೂ ಬಿಟ್ಟುಕೊಡದೆ ಹಾದುಹೋಗುತ್ತದೆ. ಕೀಟನಾಶಕವನ್ನು ಕರಗಿಸಿಡುವ ದ್ರವದ ಅಣುಗಳು ಎಂಟೂವರೆಗೇ ಸೋಲುತ್ತವೆ. ಬೆಳಕಿನ ಒಂದು ಕಣ ಬಡಿದರೆ ಒಂದು ಎಲೆಕ್ಟ್ರಾನು ಹೊರಗೆ. ಹೀಗೆ ಹೊರಬಿದ್ದವುಗಳನ್ನು ಎರಡು ತಗಡುಗಳ ನಡುವೆ ಹಿಡಿದು, ಹರಿದ ವಿದ್ಯುತ್ತನ್ನು, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಷ್ಟು ಪಾಲು ಆವಿ ಎಂಬ ಅಂಕಿಯಾಗಿ ತೋರಿಸುತ್ತದೆ. ಶಕ್ತಿ ಕಡಿಮೆಯಿರುವ ಬೆಳಕನ್ನು ಎಷ್ಟು ಸುರಿದರೂ ಏನೂ ಆಗುವುದಿಲ್ಲ. ಬೀಳುವ ಕಣದಲ್ಲಿ ಬೇಕಾದಷ್ಟು ಶಕ್ತಿ ಇರಬೇಕು. ಇದರ ಮೇಲೆ ನಾನು ಪ್ರಬಂಧದಲ್ಲಿ ಎರಡು ಅಧ್ಯಾಯ ಬರೆದಿದ್ದೆ. "ವಾಸನೆ" ಫೈಲಿನಲ್ಲಿ ಅಷ್ಟೊಂದು ಅರ್ಜಿಗಳು ಸುಮ್ಮನೆ ಬಿದ್ದಿರುವುದನ್ನು ನೋಡಿದ ಮೇಲೆ ಅದು ಅರ್ಥವಾಗತೊಡಗಿತ್ತು.

ಪ್ರಯೋಗಾಲಯದ ಬಾಟಲಿಗಳನ್ನೆಲ್ಲ ಬೇರೆ ಕೋಣೆಗೆ ಸಾಗಿಸಿ, ಕಿಟಕಿಗಳನ್ನು ಒಂದು ಗಂಟೆ ತೆರೆದಿಟ್ಟು ಅಳೆದೆ. ಕಿಟಕಿಯ ಬಳಿ ಒಂದೋ ಎರಡೋ. ಪರಸಿಯ ಸಂದಿಗೆ ಯಂತ್ರದ ಮೂತಿ ಹಿಡಿದಾಗ ಅಂಕಿ ಐವತ್ತನ್ನು ದಾಟಿತು. ಕಕ್ಕೇರಾದ ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅಂಕಿಯನ್ನೇ ನೋಡುತ್ತಿದ್ದಳು. "ನಂದು ಸುಳ್ಳಲ್ಲ ಹಂಗಾರ" ಎಂದಳು. ಮೂರು ಸಲ ಬಿದ್ದ ಹುಡುಗಿಗೆ ತಾನು ಬಿದ್ದದ್ದರ ಮೇಲೆ ಅಷ್ಟು ಅನುಮಾನ ಹುಟ್ಟಿಸಿದ್ದರು.

ದಸರೆಯ ರಜೆಯ ಕೊನೆಯ ದಿನ, ಬನ್ನಿ ಹಬ್ಬದ ಮರುದಿನ, ಅಧ್ಯಕ್ಷರು ಬಂದು ನೋಡುವುದೆಂದು ಗೊತ್ತಾಯಿತು. ಹುಡುಗಿಯ ಅಣ್ಣನಿಗೂ ಹೇಳಿ ಕಳಿಸಿದೆ. ಅವನೂ ಅಂಕಿಯನ್ನು ನೋಡಲಿ, ಡಬ್ಬಿಗಳು ಬೇರೆ ಕಡೆ ಹೋಗುವುದನ್ನೂ ನೋಡಲಿ ಎಂಬುದು ನನ್ನ ಲೆಕ್ಕ. ನಾಲ್ಕು ದಿನದ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲಿದ್ದವು. ಅಷ್ಟು ಭರವಸೆ ಇದ್ದವಳು ಹಬ್ಬದ ಎರಡು ದಿನ ಯಂತ್ರವನ್ನು ಮುಟ್ಟಲಿಲ್ಲ, ಅವತ್ತು ಬೆಳಿಗ್ಗೆ ಒಮ್ಮೆ ಹಚ್ಚಿಯೂ ನೋಡಲಿಲ್ಲ. ಈ ಕತೆಯಲ್ಲಿ ನನ್ನ ಪಾಲಿನ ಮೂರ್ಖತನ ಇದು. ಉಳಿದದ್ದನ್ನು ಬೇರೆಯವರಿಗೆ ಹಂಚುತ್ತೇನೆ.

ಅಧ್ಯಕ್ಷರು ಶುಭ್ರ ಬಿಳಿ ಅಂಗಿ ತೊಟ್ಟು ಬಂದರು. ಎಲ್ಲರ ಕೈಗೂ ಎರಡೆರಡು ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೋಣ್ರಿ" ಎಂದರು. ಬಾಗಿಲ ಬಳಿ ನಿಂತ ಅಣ್ಣನಿಗೂ ಕೊಟ್ಟರು. ನಾನು ತತ್ವವನ್ನು ಐದು ನಿಮಿಷದಲ್ಲಿ ವಿವರಿಸಿದೆ. ಪ್ರಿನ್ಸಿಪಾಲರು ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು; ಅವರು ಎಲ್ಲರ ಎಲ್ಲ ವಾಕ್ಯಕ್ಕೂ ತಲೆಯಾಡಿಸುವವರು. ಯಂತ್ರವನ್ನು ಹಚ್ಚಿ ಸಂದಿಗೆ ಹಿಡಿದೆ.

ಸೊನ್ನೆ.

ಬೇರೆ ಸಂದಿಗೆ ಹಿಡಿದೆ. ಸೊನ್ನೆ. ಗೋದಾಮಿನ ಮೆಟ್ಟಿಲಿನ ಬಾಯಿಗೆ ಹಿಡಿದೆ. ಪಂಪು ಸದ್ದು ಮಾಡುತ್ತಿತ್ತು, ಅಂಕಿ ಮಾತ್ರ ಕದಲಲಿಲ್ಲ.

"ನೋಡಪಾ" ಎಂದು ಅಧ್ಯಕ್ಷರು ಅಣ್ಣನ ಕಡೆ ತಿರುಗಿದರು. "ಯಂತ್ರಕ್ಕ ಜಾತಿ ಇಲ್ಲ, ಪಾರ್ಟಿ ಇಲ್ಲ. ಸೊನ್ನಿ ಅಂದ್ರ ಸೊನ್ನಿ."

"ನಂಗ ವಾಸನಿ ಬರಾಕತ್ತದಲ್ರಿ ಸಾವ್ಕಾರ್ರ."

"ನಿನ್ನ ಮೂಗು ಯೂನಿವರ್ಸಿಟಿ ಕಲ್ತದೇನು? ಇದು ಕಲ್ತದ." ನನ್ನ ಕಡೆ ತಿರುಗಿ, "ಮೇಡಂ, ಭಾಳ ಚಲೋ ಕೆಲಸ ಮಾಡೀರಿ. ಈ ಸೊನ್ನಿ ಒಂದು ಹಾಳಿ ಮ್ಯಾಲ ಬರದು, ಸಹಿ ಮಾಡಿ ಕೊಡ್ರಿ. ಕಟ್ಟು ಹಾಕಿಸಿ ಅಂಗಡ್ಯಾಗ ಹಚ್ಚೋಣು" ಎಂದರು.

ಅಣ್ಣ ಬನ್ನಿ ಎಲೆಗಳನ್ನು ಕಿಸೆಯಲ್ಲಿಟ್ಟುಕೊಂಡ. ತಂಗಿಗೆ ಹೇಳಿದ: "ಪುಸ್ತಕ ಕಟ್ಟು. ನಾಳೆ ಮಧ್ಯಾಹ್ನದ ಬಸ್ಸಿಗಿ ಹೋಗೋಣು. ಇಲ್ಲಿ ಮಂದಿ ಮೂಗೂ ಅವರ ಕೈಯಾಗೇ ಅವ."

ಎಲ್ಲರೂ ಹೋದ ಮೇಲೆ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಯಂತ್ರದ ಮುಚ್ಚಳ ತಿರುವಿ ತೆಗೆದೆ. ದೀಪದ ಮುಖದ ಗಾಜಿನ ಮೇಲೆ ಮೂರು ಬಿಳಿ ಗೆರೆಗಳಿದ್ದವು. ಅಚ್ಚುಕಟ್ಟಾದ, ಒಂದಕ್ಕೊಂದು ತಾಗದ, ಅಡ್ಡಡ್ಡ ಗೆರೆಗಳು. ಗೆರೆಗಳ ನಡುವೆಯೂ ಉದುರಿದ ಪುಡಿ ತೆಳ್ಳಗೆ ಹರಡಿತ್ತು. ನಡುವೆ ಒಂದು ಕುಂಕುಮದ ಚುಕ್ಕಿ.

ನಮ್ಮ ಕಾಲೇಜಿನ ಜವಾನರು ನಿವೃತ್ತಿಗೆ ಹತ್ತಿರವಾದ ಹಿರಿಯರು, ಸಂಸ್ಥೆಯಲ್ಲಿ ತಮ್ಮ ಕೆಲಸವನ್ನು ಪೂರ್ತಿಯಾಗಿ ಮಾಡುತ್ತಿದ್ದ ಏಕೈಕ ವ್ಯಕ್ತಿ. ಕರೆದೆ. ಬಂದು ನೋಡಿ, ಮೆಚ್ಚುಗೆ ಕಾದು ನಿಂತರು.

"ಕಾಕಾ, ಇದು ನೀವು ಮಾಡಿದ್ದಾ?"

"ಹೌದ್ರಿ ಅಕ್ಕಾರ. ಮಾನಮಿ ದಿನ ಎಲ್ಲಾಕೂ ಆಯುಧ ಪೂಜಿ ಮಾಡೀನಿ. ಗಂಟಿ, ಟೈಪ್ ಮಿಷನ್, ತಕ್ಕಡಿ, ಪ್ರಿನ್ಸಿಪಾಲ್ರ ಕುರ್ಚಿ."

"ಪೆಟ್ಟಿಗಿ ಮ್ಯಾಲ ಹಚ್ಚಬಹುದಿತ್ತಲ್ಲ?"

"ಮ್ಯಾಲಿಂದ ಮ್ಯಾಲ ಮಾಡೂದು ಪೂಜೀನೇನ್ರಿ? ನೀವೇ ಹೇಳಿದ್ರಿ, ಇದರ ಜೀವ ಎಲ್ಲಾ ಈ ದೀಪದಾಗ ಅದ ಅಂತ. ದಿನಾ ಮುಂಜಾನಿ ಬಿಚ್ಚಿ ಒರಸೂದು ನೋಡೀನಿ. ಹಂಗೇ ಬಿಚ್ಚಿದೆ."

"ಬೆರಳು ಸೈತ ತಾಗಬಾರದು ಅಂತ ಹೇಳಿದ್ದೆ."

ಅವರಿಗೆ ನೋವಾಯಿತು. "ಬೆರಳು ಎಲ್ಲಿ ಹಚ್ಚೀನ್ರಿ? ವೀಳ್ಯದೆಲಿ ತುದಿಲೆ ಒಂದೊಂದೇ ಗೆರಿ ಎಳದೀನಿ. ಉಸರ ಬಿಗಿ ಹಿಡದಿದ್ದೆ."

ಅಷ್ಟು ಎಚ್ಚರದಿಂದ ನನ್ನ ಸಹೋದ್ಯೋಗಿಗಳಲ್ಲಿ ಯಾರೂ ಆ ಪ್ರಯೋಗಾಲಯದಲ್ಲಿ ಏನನ್ನೂ ಮಾಡಿರಲಿಲ್ಲ. ಆ ದೀಪದ ಬೆಳಕನ್ನು ವಿಭೂತಿಯ ಪದರವಿರಲಿ, ಬೆರಳಿನ ಜಿಡ್ಡು ಕೂಡ ತಡೆಯುತ್ತದೆ; ಬೆಳಕು ಹೊರಗೆ ಬರದಿದ್ದರೆ ಅಣುವಿಗೆ ಪೆಟ್ಟಿಲ್ಲ, ಎಲೆಕ್ಟ್ರಾನು ಹೊರಬೀಳುವುದಿಲ್ಲ, ಅಂಕಿ ಸೊನ್ನೆ ಎಂದು ವಿವರಿಸಿದೆ. ಅವರು ಒಂದೇ ಸಲಕ್ಕೆ ತಿಳಿದುಕೊಂಡರು. ಪ್ರಿನ್ಸಿಪಾಲರಿಗೆ ಮೂರು ಸಲ ಹೇಳಿದ್ದೆ.

"ಹಂಗಾರ ನನ್ನ ಪೂಜಿ ಸಲುವಾಗಿ ಆ ಹುಡುಗಿ ಸಾಲಿ ಬಿಡತದೇನ್ರಿ?" ಎಂದು ಕೇಳಿದರು. ಕೇಳಿದವರು ಉತ್ತರಕ್ಕೆ ಕಾಯದೆ ಕಪಾಟಿನಿಂದ ಸ್ಪಿರಿಟ್ಟು, ಹತ್ತಿ ತಂದಿಟ್ಟರು. ಗಾಜನ್ನು ಒರೆಸಿ, ಒಣಗಲು ಬಿಟ್ಟು, ಮತ್ತೆ ಸಂದಿಗೆ ಹಿಡಿದೆ. ಅಂಕಿ ಐವತ್ತನ್ನು ದಾಟಿತು.

ಮರುದಿನ ಬೆಳಿಗ್ಗೆ ಯಂತ್ರದ ಪೆಟ್ಟಿಗೆ ಹಿಡಿದು ನಾವಿಬ್ಬರೂ ಅಂಗಡಿಗೆ ಹೋದೆವು. ಪ್ರಿನ್ಸಿಪಾಲರು ಆಗಲೇ ಅಲ್ಲಿ ಚಹ ಕುಡಿಯುತ್ತಿದ್ದರು. ಕಾಕಾ ತಾವೇ ಮುಂದಾಗಿ ಒಪ್ಪಿಕೊಂಡರು: "ಸಾವ್ಕಾರ್ರ, ತಪ್ಪು ನಂದದ. ದೀಪಕ್ಕ ಈಬತ್ತಿ ಹಚ್ಚಿದ್ದೆ. ಅದಕ್ಕ ಸೊನ್ನಿ ಬಂತು. ಒರಸಿದ ಮ್ಯಾಲ ಅಂಕಿ ಬಂದದ, ನಾನೇ ನೋಡೀನಿ."

ಅಧ್ಯಕ್ಷರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತರು. ತೆರೆದಾಗ ಮುಖದಲ್ಲಿ ಕಾಂತಿಯಿತ್ತು.

"ಈಬತ್ತಿ ಹಚ್ಚಿದಾಗ ವಿಷ ಇರಲಿಲ್ಲ. ಈಬತ್ತಿ ಒರಸಿದ ಮ್ಯಾಲ ವಿಷ ಬಂತು. ಹೌದಲ್ಲೋ?"

"ಹೌದ್ರಿ."

"ಅಂದ್ರ ವಿಷ ಕಳದದ್ದು ಯಾವುದು?"

ಪ್ರಿನ್ಸಿಪಾಲರು ತಲೆಯಾಡಿಸಿದರು.

"ದಿನಾ ಹಚ್ಚು" ಎಂದು ಅಧ್ಯಕ್ಷರು ಕಾಕಾಗೆ ಅಪ್ಪಣೆ ಮಾಡಿದರು. "ಮುಂಜಾನೊಮ್ಮಿ, ಸಂಜಿಗೊಮ್ಮಿ. ಒರಸೂದು ಬಂದ್. ಮೇಡಂ, ನಿಮ್ಮ ಹಾಳಿ ಎಲ್ಲಿ?"

ನಾನು ಹಾಳೆ ತಂದಿದ್ದೆ. ದೀಪದ ಮೇಲೆ ವಿಭೂತಿ ಇದ್ದಾಗ ಸೊನ್ನೆ, ಒರೆಸಿದ ಬಳಿಕ ಇಷ್ಟು, ಎಂದು ದಿನಾಂಕ, ವೇಳೆ ಹಾಕಿ ಬರೆದಿದ್ದೆ. ಅವರು ಮೊದಲ ಸಾಲಿನವರೆಗೆ ಓದಿ, "ಇಷ್ಟು ಸಾಕು, ಕೆಳಗಿಂದು ಕತ್ತರಸ್ರಿ" ಎಂದು ಪ್ರಿನ್ಸಿಪಾಲರ ಕೈಗೆ ಕೊಟ್ಟರು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಕಕ್ಕೇರಾದ ಬಸ್ಸು ಹನ್ನೆರಡೂವರೆಗೆ.

ಹುಡುಗಿಯರ ತಲೆನೋವು, ವಾಂತಿ, ಬಿದ್ದದ್ದು, ಎಲ್ಲವನ್ನೂ ಈ ಮೊದಲೇ ಅವರ ಮುಂದೆ ಸುರಿದಾಗಿತ್ತು. ಒಂದೂ ನಾಟಿರಲಿಲ್ಲ. ನಾನು ಯಂತ್ರದ ಪೆಟ್ಟಿಗೆಯ ಮುಚ್ಚಳ ತೆರೆದು, ಅದರ ಒಳಗೆ ಅಂಟಿಸಿದ್ದ ಸೂಚನೆಯ ಚೀಟಿಯನ್ನು ಕನ್ನಡಕ್ಕೆ ಮಾಡಿ ಓದಿದೆ: ದಟ್ಟ ಆವಿಯಿರುವ ಸ್ಥಳದಲ್ಲಿ ಯಂತ್ರವನ್ನು ಬಹಳ ಹೊತ್ತು ಇಡಬಾರದು, ದೀಪದ ಗಾಜು ಹಾಳಾಗುತ್ತದೆ.

ಅಧ್ಯಕ್ಷರು ನೆಟ್ಟಗೆ ಕುಳಿತರು. "ಹಾಳಾದ್ರ?"

"ಯೂನಿವರ್ಸಿಟಿಯವರು ಯಾಕ ಹಾಳಾತು ಅಂತ ಕೇಳತಾರ್ರಿ. ಎಲ್ಲಿ ಇಟ್ಟಿದ್ರಿ ಅಂತ ಬಂದು ನೋಡತಾರ."

"ಬಂದು ನೋಡತಾರ?"

"ಯಂತ್ರ ಅವರದು. ನೋಡಬಹುದು."

ಮಾತು ಅಷ್ಟೇ ಆಡಿದೆ, ಅದರಲ್ಲಿ ಸುಳ್ಳಿರಲಿಲ್ಲ. ಅವರು ಪ್ರಿನ್ಸಿಪಾಲರ ಮೇಲೆ ಹರಿಹಾಯ್ದರು. "ಏನ್ರೀ ಇದು? ಅಂಥಾ ನಾಜೂಕು ವಸ್ತು ಒಯ್ದು ಗೋದಾಮಿನ ನೆತ್ತಿ ಮ್ಯಾಲ ಇಟ್ಟೀರಿ! ಬುದ್ಧಿ ಅದನೋ ಇಲ್ಲೋ? ಆ ಗಾಳ್ಯಾಗ ಒಂದು ಗಾಜು ತಡೆಯಂಗಿಲ್ಲ ಅಂದ್ರ!" ಆಮೇಲೆ ನನ್ನನ್ನು ಕೇಳಿದರು, "ಎಲ್ಲಿ ಇಟ್ರ ಚಲೋ?"

ಅಂಗಳದ ಆಚೆ ಬದಿಗೆ ಅಧ್ಯಕ್ಷರ ಖಾಸಾ ಕೋಣೆಯಿತ್ತು. ಎರಡು ಕಡೆ ಕಿಟಕಿ, ಎರಡು ಫ್ಯಾನು. ವರ್ಷಕ್ಕೊಮ್ಮೆ ಅತಿಥಿಗಳು ಬಂದಾಗ ಬೀಗ ತೆಗೆಯುತ್ತಿದ್ದರು. ಅದನ್ನು ಹೇಳಿದೆ. ಯಂತ್ರದ ಜೊತೆ ತಕ್ಕಡಿ, ಬ್ಯುರೆಟ್, ಮೇಜು, ಹುಡುಗಿಯರು ಎಲ್ಲವೂ ಬರಬೇಕಾಗುತ್ತದೆ, ಬಿಡಿಯಾಗಿ ಇಟ್ಟರೆ ಪಾಠ ನಡೆಯದು ಎಂದೂ ಹೇಳಿದೆ. "ಬರಲಿ, ಬರಲಿ" ಎಂದು ಕೈಬೀಸಿದರು. ಹೀಗೆ ಹನ್ನೊಂದು ಹುಡುಗಿಯರು ಒಂದು ದೀಪದ ಸಾಮಾನಾಗಿ ಶುದ್ಧ ಗಾಳಿಗೆ ಬಂದರು. ಡಬ್ಬಿಗಳು ಇದ್ದಲ್ಲೇ ಉಳಿದವು. ಮೇಲಿನ ಹಳೆಯ ಕೋಣೆಯನ್ನು ಪ್ರಿನ್ಸಿಪಾಲರು ಸಿಬ್ಬಂದಿ ಸಭೆಗೆ ತೆಗೆದುಕೊಂಡರು. ಎರಡು ತಾಸು ನಡೆಯುತ್ತಿದ್ದ ಸಭೆಗಳು ಇಪ್ಪತ್ತು ನಿಮಿಷಕ್ಕೆ ಮುಗಿಯತೊಡಗಿದವು. ಈಚೆಗೆ ಕೆಲಸದ ಒತ್ತಡಕ್ಕೆ ತಲೆ ನೋಯುತ್ತದೆ ಎಂದು ಪ್ರಿನ್ಸಿಪಾಲರು ಹೇಳುತ್ತಿದ್ದರು. ತಿಂಗಳು ತುಂಬಿದ ಮೇಲೆ ಯಂತ್ರವನ್ನು ಗುಲ್ಬರ್ಗಾಕ್ಕೆ ಮುಟ್ಟಿಸಿ ಬಂದೆ. ಯಂತ್ರ ಎಲ್ಲಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೋಣೆಯ ಬೀಗದ ಕೈ ನನ್ನ ಬಳಿಯೇ ಉಳಿಯಿತು.

ಆ ದಿನ ಹನ್ನೆರಡರ ಸುಮಾರಿಗೆ ಹುಡುಗಿಯ ಅಣ್ಣ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದ. ತಂಗಿ ಅವನ ಹಿಂದೆ ಇರಲಿಲ್ಲ. ಬ್ಯುರೆಟ್ಟುಗಳ ಸ್ಟ್ಯಾಂಡ್ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಅವನು ಅವಳನ್ನೂ ನನ್ನನ್ನೂ ನೋಡಿ, ನಮ್ಮ ಹಿಂದೆಯೇ ಹೊಸ ಕೋಣೆಗೆ ಬಂದ. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದ. ಒಂದೊಂದೇ ಮೂಲೆಗೆ ಹೋಗಿ ನಿಂತು ಮೂಗೆಳೆದ. ಕಿಟಕಿಯ ಬಳಿ ಹೋದ, ಬಗ್ಗಿ ನೆಲದ ಹತ್ತಿರವೂ ನೋಡಿದ. ನಾನು ಯಂತ್ರವನ್ನು ಹಚ್ಚಲಿಲ್ಲ. ಅವನ ಅಳತೆ ಮುಗಿಯಲಿ ಎಂದು ಕಾದೆ.

"ಹುಡುಗೀರ ಸಲುವಾಗಿ ಕೊಟ್ರೇನ್ರಿ ಈ ಖೋಲಿ?"

"ಇಲ್ಲ. ಈ ಪೆಟ್ಟಿಗಿ ಸಲುವಾಗಿ ಕೊಟ್ಟಾರ."

ಅವನು ಪೆಟ್ಟಿಗೆಯನ್ನು ಒಮ್ಮೆ, ತಂಗಿಯನ್ನು ಒಮ್ಮೆ ನೋಡಿದ. "ಇಕಿಗಿಂತ ಪೆಟ್ಟಿಗೀನೇ ನಸೀಬು ಮಾಡ್ಯಾದ ಬಿಡ್ರಿ" ಎಂದು, ಟ್ರಂಕನ್ನು ಗೋಡೆಯ ಪಕ್ಕ ಇಳಿಸಿದ. "ಇಲ್ಲಿ ವಾಸನಿ ಇಲ್ಲ. ಸಂಜಿಗಿ ಅತ್ತಿ ಮನಿಗಿ ಒಯ್ದು ಇಡು" ಎಂದು ತಂಗಿಗೆ ಹೇಳಿ ಬಸ್ಸಿಗೆ ಹೋದ.

ಅವಳು ಅವನು ಗೇಟು ದಾಟುವವರೆಗೆ ನೋಡಿದಳು. ಆಮೇಲೆ ಕೈಯಲ್ಲಿದ್ದ ಸ್ಟ್ಯಾಂಡನ್ನು ಅಧ್ಯಕ್ಷರ ಸಾಗವಾನಿ ಮೇಜಿನ ಮೇಲೆ ಇಟ್ಟು, "ಅಕ್ಕಾರ, ಇವತ್ತ ಪ್ರಾಕ್ಟಿಕಲ್ ಅದನೋ ಇಲ್ಲೋ?" ಎಂದು ಕೇಳಿದಳು.

ಇದೆ ಎಂದೆ.